ಹೊಳೆಯ ಗಡ್ಡೆ, ಅಕ್ಕನ ಹರಕೆ

ನಮ್ಮ ತೋಟಕ್ಕೆ ಬರುವವರು ಮೊದಲು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಭಕ್ತಿಗಲ್ಲ, ಹೊಳೆ ದಾಟುವುದಕ್ಕೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಂತ ಕೆಳಗೇ ಇರುತ್ತದೆ, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಹೋಗಿಬಿಡಬಹುದು. ಮಳೆಗಾಲದಲ್ಲಿ ತೆಪ್ಪ ಬೇಕು, ತೆಪ್ಪ ಹಾಕುವವನ ಮರ್ಜಿಯೂ ಬೇಕು. ಹರಿಹರ ದಾಟಿದ ಮೇಲೆ ತುಂಗಭದ್ರೆ ಒಂದು ಕಡೆ ಎರಡಾಗಿ ಸೀಳಿ, ಸ್ವಲ್ಪ ದೂರ ಬೇರೆ ಬೇರೆ ನಡೆದು, ಮತ್ತೆ ಒಂದಾಗುತ್ತದೆ. ಆ ಎರಡು ಸೀಳಿನ ನಡುವೆ ಉಳಿದ ನೆಲ ನಮ್ಮದು. ಒಂದು ತುದಿ ದಪ್ಪ, ಒಂದು ತುದಿ ಚೂಪು, ಥೇಟ್ ಗೆಣಸಿನ ಹಾಗೆ. ಪುಸ್ತಕದಲ್ಲಿ ಇಂಥದ್ದಕ್ಕೆ ನಡುಗಡ್ಡೆ ಅನ್ನುತ್ತಾರೆ. ಸುತ್ತಲಿನ ಊರವರಿಗೆ ಅಷ್ಟು ಉದ್ದ ಹೇಳುವ ಪುರುಸೊತ್ತಿಲ್ಲ. ಅವರ ಬಾಯಲ್ಲಿ ಅದು ಬರೀ ಗಡ್ಡೆ. ನಾವೂ ಹಾಗೇ ಅನ್ನುವುದಕ್ಕೆ ಶುರು ಮಾಡಿದೆವು. ಅದರಿಂದ ಆದ ಫಜೀತಿ ಒಂದೆರಡಲ್ಲ.

ಈ ನೆಲ ಬಂದದ್ದು ನಮ್ಮ ಯಜಮಾನರ ಕಡೆಯಿಂದ. ಅಣ್ಣತಮ್ಮಂದಿರು ಪಾಲಾಗುವಾಗ ಇದನ್ನು ಯಾರೂ ಬೇಕೆನ್ನಲಿಲ್ಲ. ಕಾಲುವೆ ನೀರು ಹರಿಯುವ ಹೊಲ ಬಿಟ್ಟು ಹೊಳೆ ನಡುವಿನ ಜಾಲಿ ಮೆಳೆ ಯಾರಿಗೆ ಬೇಕು? ಇರಲಿ ಬಿಡು ಎಂದು ಇವರ ಹೆಸರಿಗೆ ಹಾಕಿದರು. ಇವರು ಗುತ್ತೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದವರು. ದಾವಣಗೆರೆಯ ನಮ್ಮ ಮನೆಯಿಂದ ದಿನಾ ಹೋಗಿ ಬಂದು, ಇಡೀ ಜೀವಮಾನದಲ್ಲಿ ಗಡ್ಡೆಯನ್ನು ಒಮ್ಮೆ ಬಸ್ಸಿನ ಕಿಟಕಿಯಿಂದಲೂ ನೋಡಿದವರಲ್ಲ. ನಿವೃತ್ತರಾದ ಮೇಲೆ ಮನೆಯ ಮಿಕ್ಸರ್, ಫ್ಯಾನು, ನನ್ನ ಹೊಲಿಗೆ ಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸಿ ಮುಗಿಸಿದರು. ಬಿಚ್ಚುವುದಕ್ಕೆ ಇನ್ನೇನೂ ಉಳಿಯದಿದ್ದಾಗ ಗಡ್ಡೆ ನೆನಪಾಯಿತು.

"ಹೋಗಿ ನೋಡ್ಕಂಡು ಬರಾಣ ನಡಿ. ತ್ವಾಟ ಮಾಡಬೌದೇನೋ," ಅಂದರು.

"ಮನ್ಯಾಗೆ ಒಂದು ತುಳಸಿ ಗಿಡಕ್ಕೆ ನೀರು ಹಾಕು ಅಂದ್ರೆ ಮರೀತೀರಿ. ತ್ವಾಟ ಮಾಡ್ತೀರೇನ್ರಿ?" ಅಂದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಇಡೀ ಓಣಿಗೆ ಗೊತ್ತಿರುವ ವಿಷಯ.

ಹಾಗಂದವಳು ಹೋದೆ. ಸಂಕ್ರಾಂತಿ ಮುಗಿದ ಹೊಸದು, ಹೊಳೆ ಇಳಿದಿತ್ತು. ಸೀರೆ ಎತ್ತಿ ಸಿಕ್ಕಿಸಿಕೊಂಡು ದಾಟಿ, ಆಪಿನ ಹುಲ್ಲು ಸರಿಸಿ ಮೇಲೆ ಹತ್ತಿದರೆ ಜಾಲಿ, ಜಾಲಿ, ಜಾಲಿ. ಅದರ ನಡುವೆ ಎರಡು ಹೊಳೆಮತ್ತಿ ಮರ, ಮೈ ಬೆಳ್ಳಗೆ, ದೊಡ್ಡ ನೆರಳು. ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಸುಮ್ಮನೆ ಕೈಗೆ ಸಿಕ್ಕಿದ ಕಡ್ಡಿಯಿಂದ ಮಣ್ಣು ಕೆದಕಿದೆ. ಒಂದು ಬೆರಳು ಮರಳು, ಅದರ ಕೆಳಗೆ ಕರ್ರಗಿನ ಮೆಕ್ಕಲು ಮಣ್ಣು, ತಣ್ಣಗೆ, ಉಂಡೆ ಕಟ್ಟಿದರೆ ಕಟ್ಟಿಸಿಕೊಳ್ಳುವಂಥದ್ದು. ಮೂವತ್ತು ವರ್ಷಕ್ಕೂ ಮೇಲೆ ಮುಂದಿನ ಕೋಣೆಯಲ್ಲಿ ಕೂತು ಬೇರೆಯವರ ಬ್ಲೌಸು ಹೊಲಿದವಳು ನಾನು. ನಮ್ಮ ಮನೆಯ ಬಾಗಿಲು ನೇರವಾಗಿ ರಸ್ತೆಗೇ ತೆರೆಯುತ್ತದೆ, ಒಂದು ಗೇಣು ಮಣ್ಣಿಲ್ಲ. ಆ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗೆ ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಇವರಿಗೆ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಹೇಳಬೇಕು ಅನ್ನಿಸಿದ್ದು ಅಕ್ಕನಿಗೆ. ಆದರೆ ಅಕ್ಕನಿಗೂ ನನಗೂ ಮಾತು ನಿಂತು ಹೋಗಿತ್ತು.

ಅಕ್ಕನನ್ನು ಕೊಟ್ಟಿರುವುದು ಕಡರನಾಯಕನಹಳ್ಳಿಗೆ, ಬೇಸಾಯದ ಮನೆಗೆ. ನಮ್ಮ ಮನೆತನದಲ್ಲಿ ಗಿಡದ ಕೈಗುಣ ಇದ್ದದ್ದು ಆಕೆಗೊಬ್ಬಳಿಗೇ. ನಾವು ಚಿಕ್ಕವರಿದ್ದಾಗ ಡಾಲ್ಡಾ ಡಬ್ಬಿಯಲ್ಲಿ ಆಕೆ ಮಲ್ಲಿಗೆ ಕಡ್ಡಿ ನೆಟ್ಟರೆ ಚಿಗುರುತ್ತಿತ್ತು, ಪಕ್ಕದ ಡಬ್ಬಿಯಲ್ಲಿ ನಾನು ನೆಟ್ಟದ್ದು ಒಣಗುತ್ತಿತ್ತು. ಆಕೆ ಹೂ ಕಟ್ಟಿ, ಉದ್ದನೆಯ ತುಂಡು ನನ್ನ ಜಡೆಗೆ ಮುಡಿಸಿ, ಗಿಡ್ಡನೆಯದು ತಾನು ಮುಡಿಯುತ್ತಿದ್ದಳು. ಅಂಥ ಅಕ್ಕ ನನ್ನ ಮಗಳ ಮದುವೆಗೆ ಬರಲಿಲ್ಲ.

ಬಾರದಿದ್ದ ಕಾರಣ ಒಂದು ಹೊಸ್ತಿಲು. ನಮ್ಮಲ್ಲಿ ಹತ್ತಿರದವರನ್ನು ಮದುವೆಗೆ ಕರೆಯುವುದೆಂದರೆ ಮನೆಗೆ ಹೋಗಿ, ಹೆಣ್ಣುಮಕ್ಕಳ ಹಣೆಗೆ ಕುಂಕುಮ ಇಟ್ಟು ಬಾಯಿ ತುಂಬ ಕರೆಯುವುದು. ಮನೆಯಲ್ಲಿ ಯಾರೂ ಇರದಿದ್ದರೆ ಹೊಸ್ತಿಲಿಗೆ ಕುಂಕುಮ ಹಚ್ಚಿ, ಪತ್ರಿಕೆಯನ್ನು ಬಾಗಿಲಿಗೆ ಸಿಕ್ಕಿಸಿ ಬರುವುದೂ ಉಂಟು. ನಾನು ಕರೆಯಲು ಹೋದ ದಿನ ಅಕ್ಕನ ಮನೆಗೆ ಬೀಗ. ಭತ್ತದ ಕೊಯ್ಲು, ಎಲ್ಲ ಗದ್ದೆಯಲ್ಲಿದ್ದರು. ಇನ್ನೂ ಹತ್ತು ಊರು ತಿರುಗಬೇಕಿತ್ತು, ಬಾಡಿಗೆ ಕಾರಿನವನು ಹಾರ್ನ್ ಬಾರಿಸುತ್ತಿದ್ದ. ಹೊಸ್ತಿಲಿಗೆ ಕುಂಕುಮ ಹಚ್ಚಿ ಬಂದೆ. ಸಂಜೆ ಫೋನೂ ಮಾಡಿದೆ, ಆಕೆ ಎತ್ತಲಿಲ್ಲ. ಆಮೇಲೆ ಯಾರ ಮುಂದೆಯೋ ಅಂದಳಂತೆ: "ಹೊಸ್ತಿಲನ್ನ ಕರದು ಹೋಗ್ಯಾಳೆ, ಹೊಸ್ತಿಲೇ ಹೋಗಿ ಬರಲಿ. ಒಡಹುಟ್ಟಿದಾಕೆನ್ನ ಹುಡುಕ್ಕೆಂಡು ಗದ್ದಿಗೆ ಬರಾಕೆ ಆಗಲಿಲ್ಲೇನು ಆಕಿಗೆ?"

ನಾನು ಮಾಡಿದ್ದರಲ್ಲಿ ತಪ್ಪಿಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಮಂಟಪದಲ್ಲಿ ದೊಡ್ಡಮ್ಮ ನಿಲ್ಲಬೇಕಾದ ಜಾಗದಲ್ಲಿ ಬೇರೆ ಯಾರೋ ನಿಂತರು. ಆವತ್ತಿನಿಂದ ಆಕೆಯೂ ಬರಲಿಲ್ಲ, ನಾನೂ ಹೋಗಲಿಲ್ಲ. ಕರೆಯದೆ ಆಕೆ ಯಾರ ಮನೆ ಮೆಟ್ಟಿಲೂ ತುಳಿಯುವವಳಲ್ಲ, ಹುಟ್ಟಿದಾಗಿನಿಂದ ಹಾಗೇ. ಹಬ್ಬ ಬಂದಾಗಲೆಲ್ಲ ನೆನಪಾಗುತ್ತಿತ್ತು, ನೆನಪಾದಾಗಲೆಲ್ಲ ಸಿಟ್ಟು ಬರುತ್ತಿತ್ತು. ಅಕ್ಕನಿಲ್ಲದೆ ವರ್ಷಗಳು ಹೋದವು.

ಗಡ್ಡೆಯ ಕೆಲಸ ಶುರುವಾಯಿತು. ಮೊದಲು ಜಾಲಿ. ಅದನ್ನು ಕಡಿದರೆ ಸಾಲದು. ಬುಡ ಬಿಟ್ಟರೆ ಒಂದು ಮಳೆಗೆ ಮತ್ತೆ ಆಳೆತ್ತರ. ಅಗೆದು ಬೇರು ಸಮೇತ ತೆಗೆಯಬೇಕು. ಯಂತ್ರ ತರಿಸೋಣ ಎಂದರೆ ಹೊಳೆ ದಾಟುವುದಿಲ್ಲ. ಹೀಗಾಗಿ ಆಳುಗಳು, ಗುದ್ದಲಿ, ಹಗ್ಗ. ಇವರು ಕಾರ್ಖಾನೆಯ ಬುದ್ಧಿ ಉಪಯೋಗಿಸಿ ಕಬ್ಬಿಣದ ಮೂರು ಕಾಲಿನ ಒಂದು ರಾಟೆ ಮಾಡಿದರು, ಅದರಿಂದ ಬೇರು ಎಳೆದರೆ ಬೇರು ಅಲ್ಲೇ ಇತ್ತು, ರಾಟೆ ಬಂದು ಬಿತ್ತು. ಎರಡನೆಯ ಸಲ ಸರಿ ಮಾಡಿಕೊಂಡು ಬಂದರು. ಈ ಸಲ ಬೇರು ಬಂತು. ಆವತ್ತು ಅವರ ಮುಖ ನೋಡಬೇಕಿತ್ತು.

ಅಡಿಕೆ ಹಾಕ್ರಿ ಎಂದು ಎಲ್ಲರೂ ಹೇಳಿದರು. ಈಗ ನಮ್ಮ ಕಡೆ ಯಾರನ್ನು ಕೇಳಿದರೂ ಅದೊಂದೇ ಮಾತು. ನಾನು ಬ್ಯಾಡ ಅಂದೆ. ನನಗೆ ತಿನ್ನುವುದು ಬೇಕು, ಮುಡಿಯುವುದು ಬೇಕು. ಅಗಲವಾದ ತುದಿಗೆ ಬಾಳೆ, ನಡುವೆ ಪೇರಲ, ಕರಿಬೇವು, ನುಗ್ಗೆ, ಬದನೆಯ ಮಡಿ. ಚೂಪು ತುದಿ, ನೀರಿಗೆ ಹತ್ತಿರದ್ದು, ಎರಡೂ ಹೊತ್ತು ಬಿಸಿಲು ಬೀಳುವಂಥದ್ದು, ಅದು ಮಲ್ಲಿಗೆಗೆ. ಇವರು ಪೈಪು, ಸೋಲಾರ್ ಪಂಪು ಎಂದು ತಮ್ಮ ಲೋಕದಲ್ಲಿದ್ದರು. ಸುತ್ತ ನೀರಿದ್ದರೂ ಅದನ್ನು ಮೇಲಕ್ಕೆ ಹತ್ತಿಸುವುದು ದೊಡ್ಡ ಕೆಲಸ ಎಂದು ನನಗೆ ಆಗಲೇ ತಿಳಿದದ್ದು.

ಈಗ ಆ ಫಜೀತಿಗೆ ಬರುತ್ತೇನೆ. ಜಾಲಿ ತೆಗೆಸುತ್ತಿದ್ದ ದಿನಗಳಲ್ಲಿ ಹೊಲಿಗೆಗೆ ಕೂರಲು ಆಗುತ್ತಿರಲಿಲ್ಲ. ಮಗನ ನಿಶ್ಚಿತಾರ್ಥಕ್ಕೆ ಬ್ಲೌಸು ಬೇಕೆಂದು ಗಿರಾಕಿ ಹೆಂಗಸೊಬ್ಬರು ಬಂದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ.

"ಈ ತಿಂಗಳು ಆಗಾದಿಲ್ಲ ನೋಡ್ರಿ. ಗಡ್ಡೆ ಐತಲ್ಲ, ಅದರದೇ ಆಗೈತೆ. ಮಳೆಗಾಲದೊಳಗೆ ಪೂರಾ ತೆಗಿಸಿಬಿಡಬೇಕು. ಬೇರು ಸಮೇತ ತೆಗೀಲಿಲ್ಲ ಅಂದ್ರೆ ಮತ್ತೆ ಬರ್ತೈತೆ ಅಂತಾರೆ."

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಮಡಚಿದರು. "ಮೊದ್ಲೇ ಗೊತ್ತಾಗಲಿಲ್ಲೇನ್ರಿ?"

"ಮೊದ್ಲಿಂದಾನೂ ಇತ್ತು. ನಾವೇ ನೋಡಾಕೆ ಹೋಗಿದ್ದಿಲ್ಲ."

"ದೊಡ್ಡದೇನ್ರಿ?"

"ಅಯ್ಯ, ಭಾಳ ದೊಡ್ಡದೈತ್ರಿ. ನಾನೂ ಇಷ್ಟು ಅನ್ಕಂಡಿರಲಿಲ್ಲ."

"ಯಜಮಾನ್ರು ಏನಂತಾರೆ?"

"ಅವ್ರಿಗೇನ್ರಿ, ಬಲೇ ಖುಷಿಯಾಗೆ ಅದಾರೆ."

ಆಕೆ ನನ್ನ ಕೈ ಒತ್ತಿ ಹೋದರು. ಒಳ್ಳೆಯ ಹೆಂಗಸು, ನಮ್ಮ ತೋಟದ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡೆ.

ಮರುದಿನದಿಂದ ಓಣಿಯವರೆಲ್ಲ ಒಳ್ಳೆಯವರಾದರು. ಒಬ್ಬರು ಎಳನೀರು ತಂದರು. ಇನ್ನೊಬ್ಬರು ಮಠದಿಂದ ವಿಭೂತಿ ತಂದು ತಾವೇ ನನ್ನ ಹಣೆಗೆ ಹಚ್ಚಿದರು. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಒಬ್ಬೊಬ್ಬರೇ ಬಂದು, "ಇರ್ಲಿ ಬಿಡ್ರಿ, ಅವಸರ ಇಲ್ಲ, ನೀವು ಆರಾಮ ಮಾಡ್ರಿ," ಎಂದು ವಾಪಸ್ಸು ಒಯ್ದರು. ನಿತ್ಯ ನುಗ್ಗೆ ಸೊಪ್ಪು ತಿನ್ನಿ, ಎಂಥಾ ಗಡ್ಡೆಗೂ ಒಳ್ಳೆಯದು ಅಂತ ಒಬ್ಬರು ಹೇಳಿದಾಗ, "ಹೌದ್ರಿ, ಮೂಲೆಗೆ ನಾಲ್ಕು ನುಗ್ಗೆ ಹಾಕಾಣ ಅಂತೀವಿ," ಅಂದೆ. ಅವರು ಕಣ್ಣೊರೆಸಿಕೊಂಡರು. ಇವರ ಪಾಡು ಬೇರೆ. ದಿನಾ ಬೆಳಿಗ್ಗೆ ಹೊಸ ಟೋಪಿ ಹಾಕಿಕೊಂಡು ಸಿಳ್ಳೆ ಹೊಡೆಯುತ್ತ ಗಾಡಿ ಹತ್ತುವಾಗ ಎದುರುಮನೆ ಹೆಂಗಸರು ಇವರನ್ನು ತಿಂದುಬಿಡುವ ಹಾಗೆ ನೋಡುತ್ತಿದ್ದರು. "ಇವರಿಗೆಲ್ಲ ನಾನೇನು ಮಾಡೀನಿ?" ಎಂದು ಕೇಳಿದರು. "ನಿಮ್ಮ ಟೋಪಿ ನೋಡಿ," ಅಂದೆ.

ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಅಕ್ಕ ನಿಂತಿದ್ದಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಕಂಕುಳಲ್ಲಿ ಬಟ್ಟೆಯ ಚೀಲ, ಕಣ್ಣು ಕೆಂಪು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆಕೆಯ ಕೂದಲು ಬೆಳ್ಳಗಾಗುವುದನ್ನು ನಾನು ನೋಡಿಯೇ ಇರಲಿಲ್ಲ.

ಒಳಗೆ ಬಂದಳು. ನನ್ನನ್ನು ಕೂರಿಸಿ, ಬೆನ್ನು ಸವರಿದಳು. ಮುಖ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದಳು. ಡಬ್ಬಿ ಬಿಚ್ಚಿ, ನವಣಕ್ಕಿ ಗಂಜಿಯನ್ನು ಲೋಟಕ್ಕೆ ಸುರಿದು, "ಕುಡಿ," ಅಂದಳು. ಕುಡಿದೆ. ಆಕೆ ಬಂದದ್ದೇ ಸಾಕಾಗಿತ್ತು, ವಿಷ ಕೊಟ್ಟಿದ್ದರೂ ಕುಡಿಯುತ್ತಿದ್ದೆ.

"ಎಲ್ಲೈತೆ?" ಎಂದು ಮೆಲ್ಲಗೆ ಕೇಳಿದಳು.

"ಏನು?"

"ಗಡ್ಡೆ."

ನನ್ನ ಮುಖ ಅರಳಿತು. ಅಕ್ಕನಿಗೂ ಸುದ್ದಿ ಮುಟ್ಟಿದೆ. "ಹೊಳ್ಯಾಗೈತೆ ಕಣೇ."

"ಹೊಟ್ಟ್ಯಾಗಾ?"

"ಹೊಟ್ಟ್ಯಾಗಲ್ಲ, ಹೊಳ್ಯಾಗೆ. ಹರಿಹರದ ಹೊಳ್ಯಾಗೆ. ಎಲ್ಡು ಎಕ್ರೆ ಮ್ಯಾಲೈತೆ. ಜಾಲಿ ಎಲ್ಲ ತೆಗಿಸಾಕೆ ಹತ್ತೀವಿ."

ಎಳನೀರು, ವಿಭೂತಿ, ವಾಪಸ್ಸು ಹೋದ ಬ್ಲೌಸುಗಳು, ಎಲ್ಲದರ ಅರ್ಥ ಆಗ ನನ್ನ ತಲೆಯೊಳಗೆ ಒಂದೊಂದಾಗಿ ಇಳಿಯಿತು. ನನಗೆ ನಗು ಬಂತು. ತಡೆದುಕೊಂಡಷ್ಟೂ ಬಂತು. ಅಕ್ಕ ನನ್ನ ತೋಳಿಗೆ ಒಂದು ಏಟು ಕೊಟ್ಟಳು, ಜೋರಾಗೇ.

"ನಗ್ತೀಯ? ಸುದ್ದಿ ಬಂದಾಗಿಂದ ಅನ್ನ ಇಳಿದಿಲ್ಲ ನನಗೆ. ನಿಮ್ಮ ಭಾವ ಬ್ಯಾಡ ಅಂದ್ರೂ ಕೇಳದೆ ಮೊದಲ್ನೇ ಬಸ್ಸಿಗೆ ಬಂದೀನಿ. ಹರಕೆ ಬ್ಯಾರೆ ಹೊತ್ತೀನಿ ಊರಮ್ಮಗೆ, ನನ್ನ ತಂಗಿ ಗಡ್ಡೆ ಕರಗಿ ಹೋಗ್ಲಿ ತಾಯಿ ಅಂತ."

"ಏನು ಹರಕೆ?"

"ತೀರ್ಸೋವರ್ಗೂ ಹೇಳಬಾರದು," ಎಂದವಳಿಗೆ ಏನೋ ಹೊಳೆಯಿತು. ನಿಧಾನಕ್ಕೆ ಲೋಟ ಕೆಳಗಿಟ್ಟು, ಡಬ್ಬಿಯ ಮುಚ್ಚಳ ಹಾಕಿದಳು. "ಅಂದ್ರೆ ನಿನಗೇನೂ ಕಾಯಿಲಿ ಇಲ್ಲ."

"ಇಲ್ಲ ಕಣೇ ಅಕ್ಕ. ಗುಂಡುಕಲ್ಲಿನಂಗೆ ಇದೀನಿ."

"ಕಾಯಿಲಿ ಕೇಳಾಕೆ ಯಾರೂ ಕರೀಬೇಕಾಗಿಲ್ಲ. ಅದಕ್ಕೇ ಬಂದೆ. ಕಾಯಿಲಿ ಇಲ್ಲ ಅಂದ್ಮ್ಯಾಲೆ ನಾನು ಕರೀದೆ ಬಂದಂಗಾತು." ಎದ್ದು ನಿಂತಳು.

ನಾನು ಒಳಗೆ ಓಡಿ ಕುಂಕುಮದ ಭರಣಿ ತಂದೆ. "ಇಗೋ, ಈಗ ಕರೀತೀನಿ. ಕೂಡ್ರು."

"ಮನಿಯೊಳಗೆ ಬಂದೋರ್ನ ಮನಿಗೆ ಕರೆಯಾದು ಎಲ್ಲಾದ್ರೂ ಐತೇನೇ?" ಎಂದು ಚಪ್ಪಲಿ ಮೆಟ್ಟಿದಳು. ಗಂಜಿಯ ಡಬ್ಬಿಯನ್ನು ಮಾತ್ರ ಬಿಟ್ಟು ಹೋದಳು. ಬೀದಿಯ ತಿರುವಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಾಣಿಸಿತು. ಸಿಟ್ಟಿಗೋ, ನಾನು ಬದುಕಿರುವ ಸಮಾಧಾನಕ್ಕೋ, ಎರಡಕ್ಕೂ ಇರಬೇಕು.

ಇವರಿಗೆ ಹೇಳಿದೆ. ಮೊದಲು ನಕ್ಕರು, ಎದುರುಮನೆಯವರ ನೋಟದ ಗುಟ್ಟು ತಿಳಿದು ಮತ್ತೂ ನಕ್ಕರು. ಆಮೇಲೆ, "ಹೋಗಿ ಕರದು ಬಾ. ಇದಕ್ಕಿಂತ ಒಳ್ಳೆ ಹೊತ್ತು ಸಿಗಾದಿಲ್ಲ," ಅಂದರು. ನನಗೂ ಅದು ಗೊತ್ತಿತ್ತು. ಆದರೆ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಮಲ್ಲಿಗೆ ಹೂ ಬಿಡಲಿ ಅಂದುಕೊಂಡೆ. ನನ್ನ ಕೈಯಲ್ಲಿ ಬೆಳೆದ ಮೊದಲ ಹೂವನ್ನು ಉದ್ದನೆಯ ಮಾಲೆ ಕಟ್ಟಿ, ಅಕ್ಕನ ಜಡೆಗೆ ಮುಡಿಸಿ, ಹಣೆಗೆ ಕುಂಕುಮ ಇಟ್ಟು, ನಮ್ಮ ತೋಟಕ್ಕೆ ಬಾ ಎಂದು ಕರೆಯುತ್ತೇನೆ. ಈ ಸಲ ಗದ್ದೆಯಲ್ಲಿದ್ದರೆ ಗದ್ದೆಗೇ ಇಳಿಯುತ್ತೇನೆ.

ಬಾತಿಯ ಹತ್ತಿರದ ನರ್ಸರಿಯಿಂದ ದುಂಡುಮಲ್ಲಿಗೆಯ ಸಸಿ ತಂದೆವು. ಲಗೇಜ್ ಆಟೊದಲ್ಲಿ ಹೊಳೆ ದಂಡೆವರೆಗೆ, ಅಲ್ಲಿಂದ ಬುಟ್ಟಿಯಲ್ಲಿ ತಲೆಯ ಮೇಲೆ. ಬಾಳೆಗುಂಡಿಗೆ ಇವರು ದಾರ ಹಿಡಿದು ಅಳತೆ ಹಾಕುತ್ತಿದ್ದರು, ನಾನು ಮಲ್ಲಿಗೆ ಮಡಿಯ ಹತ್ತಿರ ಕೂತು ಮಣ್ಣು ಸಡಿಲಿಸುತ್ತಿದ್ದೆ. ನನ್ನ ಕೈ ಗೊತ್ತಿದ್ದುದರಿಂದ ನೆಡುವಾಗ ಅಕ್ಕನ ಹಾಗೆಯೇ ನೆಟ್ಟೆ, ಬುಡದ ಮಣ್ಣನ್ನು ಅಂಗೈಯಿಂದ ಒತ್ತದೆ, ಬೆರಳುಗಳಿಂದ ಮೆತ್ತಗೆ ಕೂರಿಸುತ್ತ. ಕೆಲವು ಒಣಗಿದವು. ಉಳಿದವು ನಿಂತುಕೊಂಡವು. ಒಂದು ಬೆಳಿಗ್ಗೆ ಚಿಗುರು ಕಂಡಾಗ ಇವರನ್ನು ಕೂಗಿ ಕರೆದೆ. ಹಾವು ಬಂತೇನೋ ಎಂದು ಕೋಲು ಹಿಡಿದು ಓಡಿ ಬಂದರು.

ಆ ಬೇಸಿಗೆ ನಮ್ಮ ಬದುಕಿನಲ್ಲೇ ಚಂದದ ಬೇಸಿಗೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಗಡ್ಡೆ ಮುಟ್ಟುತ್ತಿದ್ದೆವು. ಮಧ್ಯಾಹ್ನ ಹೊಳೆಮತ್ತಿಯ ನೆರಳಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ನಮ್ಮದೇ ಮಡಿಯ ಮೆಂತ್ಯದ ಸೊಪ್ಪು. ಸಂಜೆಗೆ ಮಂಡಕ್ಕಿ ಕಲಸಿಕೊಂಡು ತಗಡಿನ ಚಪ್ಪರದ ಮುಂದೆ ಕೂತರೆ ನೀರುನಾಯಿಗಳು ಬಂಡೆ ಹತ್ತಿ ನಮ್ಮನ್ನು ನೋಡುತ್ತಿದ್ದವು. ಇವರು ಅವುಗಳ ಕಡೆಗೆ ಒಂದು ಹಿಡಿ ಮಂಡಕ್ಕಿ ಎಸೆದರು. ಅವು ಮೂಸಿಯೂ ನೋಡಲಿಲ್ಲ. "ದಾವಣಗೆರೆ ಮಂಡಕ್ಕಿನೇ ಬ್ಯಾಡ ಅಂತಾವಲ್ಲ, ಎಂಥಾವಿರಬೇಕು," ಎಂದು ಇವರು ಬೇಜಾರು ಮಾಡಿಕೊಂಡರು. ಮದುವೆಯಾದಾಗಿನಿಂದ ಇವರ ಶಿಫ್ಟು, ನನ್ನ ಹೊಲಿಗೆ, ಮಗಳ ಶಾಲೆ, ಇದರಲ್ಲೇ ದಿನ ಹೋಗಿತ್ತು. ನಾವಿಬ್ಬರೇ ಸುಮ್ಮನೆ ಕೂತು ನೀರು ನೋಡಿದ್ದು ಅದೇ ಮೊದಲು.

ಆಷಾಢ ಬಂತು. ಮಲ್ಲಿಗೆಯಲ್ಲಿ ಮೊಗ್ಗು ಕಾಣಿಸಿತು. ಇನ್ನು ನಾಲ್ಕು ದಿನಕ್ಕೆ ಒಂದು ಮೊಳ ಆಗುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನಮ್ಮಲ್ಲಿ ಮಳೆಯೇ ಇರಲಿಲ್ಲ, ಕಣ್ಣು ಕುಕ್ಕುವ ಬಿಸಿಲು. ಮಳೆ ಎಲ್ಲ ಮೇಲೆ, ಘಟ್ಟದ ಕಡೆ. ಅಲ್ಲಿ ಡ್ಯಾಮಿನ ಗೇಟು ಎತ್ತಿದ್ದಾರೆ, ದಂಡೆಯವರು ಹುಷಾರಾಗಿರಬೇಕು ಎಂದು ಊರಲ್ಲಿ ಸಾರಿದರು. ತೆಪ್ಪದವನು ತೆಪ್ಪವನ್ನು ಬೋರಲು ಹಾಕಿ ಮನೆಗೆ ಹೋದ. ನಾವು ಗುತ್ತೂರಿನ ಕಡೆಯ ದಂಡೆಯಲ್ಲಿ ನಿಂತು ನೋಡಿದೆವು. ಬಿಸಿಲಿನಲ್ಲಿ ಕೆಂಪು ನೀರು ಸದ್ದಿಲ್ಲದೆ ಏರುತ್ತಿತ್ತು. ಮೊದಲು ಬಂಡೆಗಳು ಹೋದವು, ಆಮೇಲೆ ಆಪಿನ ಹುಲ್ಲು.

ಆಗ ನನ್ನ ಫೋನು ರಿಂಗಾಯಿತು. ಅಕ್ಕ. ಅಷ್ಟು ವರ್ಷದಲ್ಲಿ ಆಕೆ ತಾನಾಗಿ ಮಾಡಿದ ಮೊದಲ ಫೋನು.

"ನೀರು ಎಲ್ಲಿಗೆ ಬಂತು?"

"ಮಲ್ಲಿಗಿ ಹತ್ರ ಬಂತು ಅಕ್ಕ."

ಆಕೆ ಸಣ್ಣ ದನಿಯಲ್ಲಿ, "ನನ್ನ ಹರಕಿ ಕಣೇ ಅದು. ಗಡ್ಡೆ ಕರಗಲಿ ಅಂದಿದ್ದೆ. ಯಾವ ಗಡ್ಡೆ ಅಂತ ಬಿಡಿಸಿ ಹೇಳಿರಲಿಲ್ಲ," ಅಂದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹುಚ್ಚಿ, ಡ್ಯಾಮ್ ತುಂಬೈತೆ, ನೀರು ಬಿಟ್ಟಾರೆ," ಅಂದೆ. ಆಕೆ ಕೇಳುವ ಸ್ಥಿತಿಯಲ್ಲಿರಲಿಲ್ಲ. ಸಂಜೆ ಮತ್ತೆ ಫೋನು. ಊರಮ್ಮನ ಗುಡಿಗೆ ಹೋಗಿ ದೀಪ ಹಚ್ಚಿ, ಬಾಯಿಬಿಟ್ಟು ಹೇಳಿ ಬಂದಿದ್ದಳು: "ತಾಯಿ, ನಾನಂದಿದ್ದು ಹೊಟ್ಟಿ ಗಡ್ಡೆ, ಹೊಳಿ ಗಡ್ಡೆ ಅಲ್ಲ, ತಪ್ಪು ತಿಳ್ಕಬ್ಯಾಡ." ಪೂಜಾರಿ ನಕ್ಕನಂತೆ. ಆಕೆ ಅವನಿಗೂ ಬೈದು ಬಂದಿದ್ದಳು. ಅದಾದ ಮೇಲೆ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಫೋನು ಮಾಡಿ ನೀರೆಷ್ಟಾಯಿತು ಎಂದು ಕೇಳುವುದು, ನಾನು ಹೇಳುವುದು, ಇಟ್ಟುಬಿಡುವುದು. ಬೇರೆ ಮಾತಿಲ್ಲ. ಗಡ್ಡೆಯಲ್ಲಿ ಹೊಳೆಮತ್ತಿಯ ತಲೆ ಮತ್ತು ಚಪ್ಪರದ ತಗಡು ಬಿಟ್ಟು ಏನೂ ಕಾಣುತ್ತಿರಲಿಲ್ಲ. ನನ್ನ ತೋಟ ಹೋಯಿತಲ್ಲ ಎಂದು ದುಃಖವಾಗುತ್ತಿತ್ತು. ಹಾಗಿದ್ದೂ ಫೋನು ಬರುವ ಹೊತ್ತಿಗಾಗಿ ಕಾಯುತ್ತಿದ್ದೆ. ನೀರು ಇಳಿದರೆ ಈ ಫೋನೂ ನಿಲ್ಲುತ್ತದೆ ಎಂಬ ಯೋಚನೆ ಬಂದು ನನಗೇ ನಾಚಿಕೆಯಾಯಿತು.

ನೀರು ಇಳಿಯಿತು. ಫೋನು ನಿಂತಿತು. ನಾವು ದಾಟಲು ಹೊರಟ ದಿನ ದಂಡೆಗೆ ಹೋದರೆ, ಬೋರಲು ಹಾಕಿದ ತೆಪ್ಪದ ಮೇಲೆ ಅಕ್ಕ ಕೂತಿದ್ದಳು. ಕೈಯಲ್ಲಿ ಕುಡುಗೋಲು, ಪಕ್ಕದಲ್ಲಿ ಬುತ್ತಿಯ ಗಂಟು. ಪಕ್ಕದಲ್ಲೇ ನಿಂತಿದ್ದ ತೆಪ್ಪದವನು, ನೀವು ಎದ್ದರೆ ತೆಪ್ಪ ಇಳಿಸಬಹುದು ಎಂದು ಹೇಳುವ ಧೈರ್ಯವಿಲ್ಲದೆ ಬೀಡಿ ಸೇದುತ್ತಿದ್ದ.

ನಾನು ಕರೆದಿರಲಿಲ್ಲ. ಕರೆಯಲು ಕಟ್ಟಬೇಕೆಂದಿದ್ದ ಹೂ ನೀರಿನಲ್ಲಿತ್ತು. ಕರೆಯದೆ ಹೇಗೆ ಬಂದೆ ಎಂದು ಕೇಳಿದರೆ ಎದ್ದು ಹೋದಾಳು ಎಂದು ಬಾಯಿ ಮುಚ್ಚಿಕೊಂಡೆ. ಇವರೇ, "ಬರ್ರಿ ಅಕ್ಕಾರೆ, ಕೂಡ್ರಿ," ಎಂದು ತೆಪ್ಪ ನೆಟ್ಟಗೆ ಮಾಡಿಸಿದರು. ನೀರಿನ ನಡುವೆ ಅಕ್ಕ ಒಂದು ಕೈಯಲ್ಲಿ ತೆಪ್ಪದ ಅಂಚು, ಇನ್ನೊಂದರಲ್ಲಿ ನನ್ನ ಮುಂಗೈ ಹಿಡಿದಿದ್ದಳು. ದಂಡೆ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಗಡ್ಡೆ ಉಳಿದಿತ್ತು. ಮೇಲೆಲ್ಲ ಹೊಸ ಮಣ್ಣು, ಪಾದ ಮುಚ್ಚುವಷ್ಟು. ಬಾಳೆಗಳು ಮಲಗಿದ್ದವು, ಆದರೆ ಬುಡ ಕಿತ್ತಿರಲಿಲ್ಲ. ಪೇರಲ ಎದ್ದು ನಿಂತಿತ್ತು. ಪಂಪನ್ನು ಇವರು ಮೊದಲೇ ಬಿಚ್ಚಿ ತಂದಿದ್ದರು, ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಚೂಪು ತುದಿಗೆ ಓಡಿದೆ. ತುದಿ ಇರಲಿಲ್ಲ. ಚಾಕುವಿನಿಂದ ಗೆಣಸಿನ ಮೂತಿ ಕತ್ತರಿಸಿದ ಹಾಗೆ ಹೊಳೆ ಅಷ್ಟನ್ನು ಒಯ್ದಿತ್ತು. ಮಲ್ಲಿಗೆ ಮಡಿ ಇದ್ದ ಜಾಗದಲ್ಲಿ ನೀರು ಹರಿಯುತ್ತಿತ್ತು. ಅಲ್ಲೇ ಕುಸಿದು ಕೂತೆ.

ಅಕ್ಕ ಹಿಂದೆ ಬಂದು ನಿಂತಳು. "ಇಲ್ಲೇನಿತ್ತು?"

"ಮಲ್ಲಿಗಿ. ನಿನ್ನ ಕರಿಯಾಕೆ ಅಂತ ಹಾಕಿದ್ದೆ. ಹೂ ತಗಂಡು ಬಂದು ಕರೀಬೇಕು ಅನ್ಕಂಡಿದ್ದೆ," ಅಂದೆ. ನನಗೆ ಅಳು ಬಂದಿತ್ತು.

ಆಕೆ ಕೊರೆದ ಅಂಚನ್ನು ಬಗ್ಗಿ ನೋಡಿದಳು. ಹರಿಯುವ ನೀರಿಗೆ ಒಮ್ಮೆ ಕೈ ಮುಗಿದಳು. "ಹಂಗಾರೆ ಒಂದಿಷ್ಟು ಕರಗಿದಂಗಾತು. ಬಿಡಿಸಿ ಹೇಳಿದ್ರೂ ಊರಮ್ಮ ತನ್ನ ಪಾಲಿಂದು ಮಾಡ್ಯಾಳೆ. ಇನ್ನ ನಾನು ಹೊತ್ತಿದ್ದು ನಾನು ತೀರಿಸಬೇಕು. ಇವತ್ತು ಬಂದಿದ್ದೂ ಅದಕ್ಕೇಯ."

"ಏನು ಹೊತ್ತಿದ್ದಿ? ಈಗಾದ್ರೂ ಹೇಳು."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಲಗಿದ್ದ ಒಂದು ಬಾಳೆಯ ಬುಡದಲ್ಲಿ ಕೂತು ಮಣ್ಣು ಬಗೆಯತೊಡಗಿದಳು. ನನ್ನ ಕಡೆ ನೋಡಲಿಲ್ಲ.

"ನೀನು ಉಳಿದ್ರೆ, ಇನ್ನ ಮ್ಯಾಲೆ ನೀನು ಕರಿ, ಬಿಡು, ನಾನಾಗೇ ನಿಮ್ಮನಿಗೆ ಬರ್ತೀನಿ ಅಂತ. ಸಾಯಾತನಕ."

ಹಣ್ಣುಕಾಯಿ, ಸೀರೆ, ಉರುಳು ಸೇವೆ, ಹೊರುವುದಕ್ಕೆ ಏನೆಲ್ಲ ಹರಕೆ ಇದ್ದವು. ಆಕೆ ನನ್ನ ಜೀವಕ್ಕೆ ಬದಲಾಗಿ ಇಟ್ಟದ್ದು ನನ್ನ ಮಗಳ ಮದುವೆಯನ್ನೇ ಬಿಟ್ಟು ಕಾಪಾಡಿಕೊಂಡಿದ್ದ ತನ್ನ ಹಠವನ್ನು.

"ಸುಮ್ನೆ ಏನು ಕುಂತೀಯ? ಬಾಳಿ ಎತ್ತಿ ಹಿಡಿ, ಬುಡಕ್ಕೆ ಮಣ್ಣು ಕೊಡ್ತೀನಿ," ಅಂದಳು ಅಕ್ಕ.

ಎದ್ದು ಹೋಗಿ ಹಿಡಿದೆ.